ಹದಿನೇಳಕ್ಕೆ ನನ್ನ ಮೇಜಿನ ಹೆಸರು

ಸಂಪರ್ಕ ಕಡಿದಿದೆ ಅನ್ನುತ್ತಿದೆ ಈ ಕಪ್ಪು ಪರದೆ, ಯಾರ ಜೊತೆ ಸಂಪರ್ಕ, ನಾನು ನನ್ನದೇ ಮೇಜಿನ ಕಂಪ್ಯೂಟರಿಗೆ ತಾನೆ ಹೆಸರು ಬದಲಾಯಿಸಿದ್ದು, ಮತ್ತೆ ಇದೇಕೆ ರೀಸ್ಟಾರ್ಟ್ ಆಗಲಿಲ್ಲ, ಕಲ್ಲಿನ ಹಾಗೆ ಕೂತಿದೆ — ಅಯ್ಯೋ, ಮೂರನೇ ಸಾಲಿನಲ್ಲಿ ಒಂದು ಕೈ ಎದ್ದಿದೆ, ಹದಿನೇಳನೇ ಸೀಟು, ದೇವರೇ, ನಾನಿನ್ನೂ ಹದಿನೇಳರೊಳಗೇ ಇದ್ದೆ. ಬೆಳಿಗ್ಗೆ ಸೀಟುಗಳ ಪಟ್ಟಿ ಬಂದದ್ದೇ ಕೂತಲ್ಲಿಂದಲೇ ಮೂವತ್ತು ಯಂತ್ರಕ್ಕೂ ಹೆಸರಿಟ್ಟೆ, ಪಟ್ಟಿಯಲ್ಲಿಲ್ಲದ ಹೆಸರಿದ್ದರೆ ಪರೀಕ್ಷೆ ತೆರೆಯುವುದೇ ಇಲ್ಲ, ಹದಿನೇಳು ಮಾತ್ರ ಹಠ ಹಿಡಿಯಿತು ಅಂತ ದೂರದಿಂದಲೇ ಅದರೊಳಕ್ಕೆ ಹೊಕ್ಕು ಸರಿಮಾಡಿದೆ, ಹೊರಗೆ ಬಂದೆನೆ, ಬರಲಿಲ್ಲ, ಅಷ್ಟರಲ್ಲಿ ಗಂಟೆಯಾಯಿತು, ಪರೀಕ್ಷೆ ಶುರುವಾಯಿತು, ಈಗ ಕೊನೆಯ ಅರ್ಧ ಗಂಟೆ, ಸುಮ್ಮನೆ ಕೂರಲಾರದೆ ನನ್ನದೊಂದು ಉಳಿದಿದೆಯಲ್ಲ ಮುಗಿಸಿಬಿಡೋಣ ಅಂತ ಆಜ್ಞೆ ಟೈಪ್ ಹೊಡೆದೆ, ಹೊಸ ಹೆಸರು ಇನ್‌ಚಾರ್ಜ್, ತಕ್ಷಣ ರೀಸ್ಟಾರ್ಟ್. ಯಾವ ಯಂತ್ರಕ್ಕೆ ಅಂತ ಹೇಳದಿದ್ದರೆ ಆಜ್ಞೆ ನಾವು ಯಾವುದರೊಳಗಿದ್ದೇವೋ ಅದಕ್ಕೇ ತಗಲುತ್ತದೆ, ಇದನ್ನು ಎಷ್ಟು ಜನಕ್ಕೆ ಪಾಠ ಹೇಳಿದ್ದೇನೆ, ಮಹಾ ಪಂಡಿತೆ ನಾನು. ನಿಂಗೆ ಎಲ್ಲದಕ್ಕೂ ಅವಸರ ಕಣೇ, ಅಕ್ಕ ಹೇಳುವುದು ಇದನ್ನೇ.

ಕೈ ಹಾಗೇ ಇದೆ, ಇಳಿಸುತ್ತಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ಅದೇ ಕೈಯನ್ನು ನಾನು ಹಿಡಿದಿದ್ದೆ, ಬೆರಳಚ್ಚು ಬೀಳಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಒತ್ತಿಸಿದೆ, ಹೊಲಿದು ಹೊಲಿದು ಸವೆದುಹೋಗಿದೆ ಮೇಡಂ, ಟೈಲರಿಂಗ್ ಮಾಡ್ತೀನಿ, ಇದೇ ಕೊನೇ ಸಲ ಬರೆಯೋದು, ಮುಂದಿನ ವರ್ಷ ವಯಸ್ಸು ಮೀರತ್ತೆ, ಅಂದಿದ್ದಳು. ಚೆನ್ನಾಗಿ ಬರೀರಿ ಅಂದೆನಲ್ಲ, ಭೇಷ್. ಈಗ ಅವಳ ಯಂತ್ರ ಎದ್ದಿದೆ, ಈ ಕಂಪ್ಯೂಟರ್ ಪಟ್ಟಿಯಲ್ಲಿಲ್ಲ ಅಂತ ಕೆಂಪಗೆ ತೋರಿಸುತ್ತಿದೆ, ಇರುವುದಾದರೂ ಹೇಗೆ, ಅದಕ್ಕೀಗ ನನ್ನ ಮೇಜಿನ ಹೆಸರು, ಅದನ್ನು ಮತ್ತೆ ಹಿಡಿಯಬೇಕಾದರೆ ಇನ್‌ಚಾರ್ಜ್ ಅಂತಲೇ ಕರೆಯಬೇಕು, ಕರೆದೆ, ಸಿಕ್ಕಿತು, ಸೀಟು ಹದಿನೇಳು ಅಂತ ಬರೆದೆ, ಎರಡು ಸಲ ತಪ್ಪಿತು, ಅಳಿಸಿ ಬರೆದೆ, ಮತ್ತೆ ರೀಸ್ಟಾರ್ಟ್, ಏಳು ಮಾರಾಯ್ತಿ ಏಳು, ಗೋಡೆಯ ಗಡಿಯಾರಕ್ಕೆ ಮಾತ್ರ ನಿಲ್ಲಿಸು ಅಂತ ಹೇಳುವ ಆಜ್ಞೆ ಇಲ್ಲ.

ಮೇಲ್ವಿಚಾರಕರು ಬಂದರು, ಹದಿನೇಳಕ್ಕೆ ಏನಾಯ್ತಮ್ಮ. ನಿಯಮ ನನಗೆ ಬಾಯಿಪಾಠ, ಯಂತ್ರ ತಾನಾಗಿ ಕೆಟ್ಟರೆ ಒಂದು ನಿಮಿಷವೂ ಸಿಗದು, ಸಿಬ್ಬಂದಿಯ ತಪ್ಪಾದರೆ ಕಳೆದದ್ದಷ್ಟೂ ವಾಪಸ್, ತಪ್ಪು ಮಾಡಿದವರು ಬರೆದು ಸಹಿ ಹಾಕಬೇಕು ಅಷ್ಟೆ. ಹಿಂದಿನ ಇನ್‌ಚಾರ್ಜ್ ಹಾಗೆ ಸಹಿ ಹಾಕಿದ, ಮರುದಿನ ಅವನ ಕುರ್ಚಿಯಲ್ಲಿ ನಾನಿದ್ದೆ. ಅಕ್ಕನ ಮನೆಯ ನಡುಕೋಣೆ, ಗೋಡೆಗೆ ಒರಗಿಸಿಟ್ಟ ನನ್ನ ಹಾಸಿಗೆ, ಭಾವ ಪೇಪರಿನಿಂದ ತಲೆ ಎತ್ತದೆ ಕೇಳುವುದು, ಈ ಸಲದ ಕೆಲಸ ಎಷ್ಟು ತಿಂಗಳಮ್ಮ, ನಗುತ್ತಾರೆ, ಅಕ್ಕನೂ ನಗುತ್ತಾಳೆ, ನಾನೂ ನಗಬೇಕು. ಹ್ಯಾಂಗ್ ಆಯ್ತು ಸರ್ — ಇದು ನನ್ನ ಬಾಯೇ ಹೇಳಿದ್ದು. ಹಾಗಾದ್ರೆ ಟೈಮ್ ಕೊಡೋಕೆ ಬರಲ್ಲ, ಹೋದರು.

ಪರೀಕ್ಷೆ ತೆರೆದುಕೊಂಡಿತು, ಹನ್ನೊಂದು ನಿಮಿಷ ಹೋಗಿದೆ, ಹತ್ತಿರ ಹೋಗಿ ನಿಂತೆ, ಅವಳು ಕೈ ಇಳಿಸಿ ನನ್ನ ಮಣಿಕಟ್ಟು ಮುಟ್ಟಿದಳು, ನೀವಿದ್ರಿ ಅಂತ ಬಂತು ಮೇಡಂ. ಬೈಯಬಾರದಿತ್ತೆ, ಒಂದು ಸಲ ಬೈದಿದ್ದರೆ ಅಲ್ಲೇ ಬಾಯಿಬಿಡುತ್ತಿದ್ದೆನೇನೋ, ಸುಳ್ಳು, ಬಿಡುತ್ತಿರಲಿಲ್ಲ. ನನ್ನ ಮೇಜಿಗೆ ವಾಪಸ್ ಬಂದೆ, ಹತ್ತು ನಿಮಿಷ ಉಳಿದಿದೆ, ಹೇಳು, ರಿಜಿಸ್ಟರ್ ಇಲ್ಲೇ ಇದೆ, ಪೆನ್ನೂ ಇದೆ, ಐದು, ಎರಡು ಸಾಲು ಬರೆದರೆ ಸಾಕು, ಇನ್ನೂ ಕಾಲ ಮಿಂಚಿಲ್ಲ, ಮೇಲ್ವಿಚಾರಕರು ಅಲ್ಲೇ ಬಾಗಿಲಲ್ಲಿ ಕನ್ನಡಕ ಒರೆಸುತ್ತಿದ್ದಾರೆ, ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ, ಒಂದು — ಮೂವತ್ತು ಪರದೆಗಳೂ ಒಟ್ಟಿಗೆ ಬಿಳಿಚಿಕೊಂಡವು, ಕುರ್ಚಿಗಳ ಸದ್ದು, ಚಪ್ಪಲಿಗಳ ಸದ್ದು, ಎಲ್ಲರೂ ಹೊರಟರು, ಅವಳು ಎದ್ದಿಲ್ಲ, ಇನ್ನೂ ನಾಲ್ಕು ಪ್ರಶ್ನೆ ಇತ್ತು ಅಂತ ಯಾರಿಗೋ ಹೇಳುತ್ತಿದ್ದಾಳೆ, ಯಾರೂ ಇಲ್ಲ ಅಲ್ಲಿ, ಈಗ ತಿರುಗಿದಳು, ಮೇಲ್ವಿಚಾರಕರ ಕಡೆಗಲ್ಲ, ನನ್ನ ಕಡೆಗೆ, ಸಹಾಯಕ್ಕೆ ಮತ್ತೆ ಕೈ ಎತ್ತಿದ್ದಾಳೆ, ಆ ಕೈ, ಸವೆದ ಬೆರಳು ಐದೂ ಮೇಲೆ, ಕೈ