ಎರಡು ಅರ್ಧ, ಒಂದು ಸೀಟು

ಜಿಲ್ಲಾ ಪರಿಷತ್ತಿಗೆ ಚುನಾವಣೆ ಬರುತ್ತದೆ ಎಂಬ ಸುದ್ದಿ ಹಬ್ಬಿದ ವರ್ಷವೇ ಬಸ್ಸಿನ ಮಾಲೀಕ ಜಯದೇವಪ್ಪನವರಿಗೆ ಮುದುಕರ ಮೇಲೆ ಮಮತೆ ಉಕ್ಕಿತು. ಕಡೂರಿನಿಂದ ಹೊರಟು ಬೀರೂರು, ಅಜ್ಜಂಪುರದ ಮೇಲೆ ತರೀಕೆರೆಗೆ ಹೋಗುವ ತಮ್ಮ ಬಸ್ಸಿನ ಎರಡೂ ಪಕ್ಕೆಗೆ ಅವರು ಕೆಂಪು ಅಕ್ಷರದಲ್ಲಿ ಬರೆಸಿದರು: 'ಅರವತ್ತು ದಾಟಿದ ಹಿರಿಯರಿಗೆ ಅರ್ಧ ಟಿಕೆಟ್'. ಅದರ ಕೆಳಗೆ ತಮ್ಮ ಹೆಸರನ್ನು ಅದಕ್ಕಿಂತ ದಪ್ಪಗೆ ಬರೆಸಿದರು.

ಅರವತ್ತು ದಾಟಿದ್ದು ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಕಂಡಕ್ಟರ್ ಈರಣ್ಣನದು. ಹುಟ್ಟಿದ ತಾರೀಖು ಬರೆದಿಟ್ಟುಕೊಂಡ ಮುದುಕರು ಆ ದಾರಿಯಲ್ಲಿ ಯಾರಿದ್ದರು? ಈರಣ್ಣ ದನದ ಜಾತ್ರೆ ನೋಡಿ ಬೆಳೆದವನು. ಎತ್ತಿನ ವಯಸ್ಸು ಹಲ್ಲಿನಲ್ಲಿ ತಿಳಿಯುತ್ತದೆ ಅಂದಮೇಲೆ ಮನುಷ್ಯನದು ಯಾಕೆ ತಿಳಿಯಬಾರದು ಅಂದುಕೊಂಡು ಮುದುಕರ ಬಾಯಿ ತೆಗೆಸಿ ನೋಡತೊಡಗಿದ. ಕೆಲವರು ನಗುತ್ತ ಬಾಯಿ ತೆಗೆದರು, ಕೆಲವರು ತಲೆ ತಗ್ಗಿಸಿ ಪೂರ್ತಿ ಟಿಕೆಟ್ಟೇ ಕೊಂಡರು. ಓಬಮ್ಮನೆಂಬ ಮುದುಕಿಯ ಮುಂದೆಯೂ ನಿಂತು ಬಾಯಿ ತೆಗಿ ಅಂದ.

"ಯಾಕಪ್ಪ, ಯಾಪಾರ ಕುದುರಿದ್ರೆ ಹೊಡ್ಕೊಂಡು ಹೋಗ್ತೀಯಾ?" ಅಂದಳು ಓಬಮ್ಮ.

ಬಸ್ಸಿಗೆ ಬಸ್ಸೇ ನಕ್ಕಿತು. ಈರಣ್ಣ ಹಲ್ಲು ನೋಡದೆ ಅರ್ಧ ಟಿಕೆಟ್ ಹರಿದು ಕೊಟ್ಟ. ಅವತ್ತಿನಿಂದ ಆ ಬಸ್ಸಿನಲ್ಲಿ ಯಾರೂ ಬಾಯಿ ತೆಗೆಯಲಿಲ್ಲ.

ಓಬಮ್ಮ ಕಡೂರಿನ ಬೀದಿಗಳನ್ನು ಗುಡಿಸಿ ಮುದುಕಿಯಾದವಳು. ಪುರಸಭೆಯ ಕೆಲಸ ಮುಗಿದ ಮೇಲೆ ಅವಳಿಗೆ ಉಳಿದದ್ದು ಕೇರಿಯ ಒಂದು ಕೋಣೆ, ಒಂದಿಷ್ಟು ಪಿಂಚಣಿ, ಬಗ್ಗಿಸಿದರೆ ಕಿರುಗುಟ್ಟುವ ಎರಡು ಮೊಣಕಾಲು. ಅಜ್ಜಂಪುರದಲ್ಲಿ ಅವಳ ತಂಗಿ ಮಾರಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಸೊಸೆ ಹೊತ್ತಿಗೆ ಸರಿಯಾಗಿ ಮುದ್ದೆ ಹಾಕುತ್ತಿದ್ದಳು, ಅದರಲ್ಲಿ ಕೊರತೆಯಿಲ್ಲ. ಆದರೆ ಮಾರಮ್ಮ ಮೈಗೆ ನೀರು ಹಾಕಲು ಅಕ್ಕನನ್ನು ಬಿಟ್ಟು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಇಷ್ಟು ಕಾಲ ಓಬಮ್ಮ ತಿಂಗಳಿಗೊಮ್ಮೆ ಹೋಗುತ್ತಿದ್ದಳು. ಅಷ್ಟರಲ್ಲಿ ತಂಗಿಯ ಬೆನ್ನು ಹುಣ್ಣಾಗಿರುತ್ತಿತ್ತು. ಅರ್ಧ ಟಿಕೆಟ್ ಬಂದ ಮೇಲೆ ವಾರಕ್ಕೊಮ್ಮೆ, ಪ್ರತಿ ಸೋಮವಾರ, ಹೋಗಬಹುದಾಯಿತು. ಬೆನ್ನು ಒಣಗತೊಡಗಿತು.

ಆದರೆ ಕೆಂಪು ಅಕ್ಷರದಲ್ಲಿ ಬರೆಯದ ಮಾತೊಂದು ಬಸ್ಸಿನೊಳಗಿತ್ತು. ಅರ್ಧ ಟಿಕೆಟ್ಟಿಗೆ ಸೀಟಿಲ್ಲ. ಮಕ್ಕಳ ಅರ್ಧ ಟಿಕೆಟ್ಟಿಗೆ ಮೊದಲಿನಿಂದ ನಡೆದುಬಂದ ರೂಢಿ ಅದು. ಪೂರ್ತಿ ಟಿಕೆಟ್ಟಿನವರು ಬಂದರೆ ಮಗು ಎದ್ದು ಅವ್ವನ ತೊಡೆ ಸೇರಬೇಕು. ಈರಣ್ಣ ಅದೇ ಕಾನೂನನ್ನು ಮುದುಕರ ಮೇಲೂ ಹಾಕಿದ. ಮೂರನೆಯ ಸೋಮವಾರ ಬಸ್ಸು ತುಂಬಿದಾಗ ಓಬಮ್ಮನನ್ನು ಏಳಿಸಿದ.

"ಮಕ್ಕಳು ಅವ್ವನ ತೊಡೆ ಮೇಲೆ ಕೂರ್ತವೆ. ನಾನು ಯಾರ ತೊಡೆ ಮೇಲೆ ಕೂರ್ಲಪ್ಪ, ನಿಂದಾ?" ಎಂದು ಕೇಳಿದಳು.

ಈರಣ್ಣ ಕೆಟ್ಟವನೇನಲ್ಲ. ಡ್ರೈವರಿನ ಪಕ್ಕ ಇಂಜಿನ್ನಿನ ಹತ್ತಿರ ನೆಲದ ಮೇಲೆ ಜಾಗ ತೋರಿಸಿ, ಅಲ್ಲಿ ಕೂತ್ಕೋ ಅಜ್ಜಿ, ಬೆಚ್ಚಗೂ ಇರುತ್ತೆ ಅಂದ. ಓಬಮ್ಮ ಆ ಜಾಗ ನೋಡಿದಳು. ಈರುಳ್ಳಿ ಚೀಲ, ಯಾರದೋ ಕೋಳಿ, ಅವುಗಳ ನಡುವೆ ಒಂದು ಹಿಡಿ ನೆಲ. ಪೇಟೆಬೀದಿಯ ಜಗಲಿಗಳ ಕೆಳಗೆ, ಕಚೇರಿಗಳ ಬಾಗಿಲ ಹೊರಗೆ, ಮದುವೆ ಮನೆಗಳ ಹಿತ್ತಿಲಲ್ಲಿ ಅವಳಿಗೆ ಜನ ಯಾವಾಗಲೂ ತೋರಿಸಿದ್ದು ಅದೇ ಒಂದು ಹಿಡಿ ನೆಲ. ಈ ಬಸ್ಸಿನಲ್ಲಾದರೂ ಅವಳು ಟಿಕೆಟ್ ಕೊಂಡು ಹತ್ತಿದ್ದಳು.

"ನೆಲದ ಮೇಲೆ ಕೂರೋದು ನಂಗೆ ಬತ್ತದೆ. ಅದನ್ನ ಕಲಿಯಾಕೆ ನಿನ್ ಬಸ್ ಹತ್ಲಿಲ್ಲ," ಅಂದು ಕಂಬಿ ಹಿಡಿದು ನಿಂತಳು. ಅಜ್ಜಂಪುರ ಬರುವಷ್ಟರಲ್ಲಿ ಮೊಣಕಾಲು ಊದಿ, ತಂಗಿಯ ಮನೆ ತನಕ ಗೋಡೆ ಹಿಡಿದು ನಡೆಯಬೇಕಾಯಿತು. ಹೀಗೆ ನಿಂತು ಬರುವುದಾದರೆ ವಾರ ವಾರ ಬರುವುದು ಆಗದ ಮಾತು ಎಂದು ಅವಳಿಗೆ ಅವತ್ತೇ ತಿಳಿಯಿತು.

ಅದೇ ಬಸ್ಸಿಗೆ ಪೇಟೆಬೀದಿಯ ಶಂಕರಮ್ಮನೂ ಬರುತ್ತಿದ್ದರು. ಅಜ್ಜಂಪುರ ಅವರ ತವರು. ಅಲ್ಲಿನ ಬಸವಣ್ಣನ ಗುಡಿಯ ದೀಪಕ್ಕೆ ಸೋಮವಾರ ಎಣ್ಣೆ ಹಾಕುವ ಹರಕೆ ಹೊತ್ತಿದ್ದರು. ಗಂಡ ತೀರಿದ ಮೇಲೆ ಬೀರುವಿನ ಬೀಗದ ಕೈ ಸೊಸೆಯ ಸೊಂಟ ಸೇರಿತ್ತು, ಅವರಿಗೂ ಅರ್ಧ ಟಿಕೆಟ್ಟೇ ಗತಿ. ಮುಂದಿನ ಸೋಮವಾರ ಅವರನ್ನೂ ಈರಣ್ಣ ಏಳಿಸಿದ. ಅಮ್ಮಾರೇ ಅಂತ ಕರೆದು, ಬೇಜಾರು ಮಾಡ್ಕೋಬೇಡಿ ಅಂತ ಹೇಳಿ, ಮರ್ಯಾದೆಯಿಂದಲೇ ಏಳಿಸಿದ. ಮರ್ಯಾದೆಯಿಂದ ಏಳಿಸಿದರೂ, ಇಲ್ಲದೆ ಏಳಿಸಿದರೂ ನಿಂತ ಕಾಲು ಒಂದೇ ಸಮ ನೋಯುತ್ತದೆ. ಶಂಕರಮ್ಮನವರ ಮುಖ ಕೆಂಪಾಯಿತು. ಎಣ್ಣೆ ಶೀಶೆಯನ್ನು ಒಂದು ಕೈಗೆ ತೆಗೆದುಕೊಂಡು ಎದ್ದರು.

ಓಬಮ್ಮ ಆಗ ಕಂಡಕ್ಟರನ್ನು ಕೇಳಿದಳು: ತನ್ನದು ಅರ್ಧ, ಅವರದು ಅರ್ಧ, ಎರಡು ಅರ್ಧ ಸೇರಿದರೆ ಒಂದು ಪೂರ್ತಿ ಆಗುವುದಿಲ್ಲವೇ? ಒಂದು ಪೂರ್ತಿಗೆ ಒಂದು ಸೀಟು ಕೊಡಬೇಕಲ್ಲವೇ?

ಈರಣ್ಣ ಒಂದು ಗಳಿಗೆ ಯೋಚಿಸಿದ. ಲೆಕ್ಕದಲ್ಲಿ ತಪ್ಪು ಸಿಗಲಿಲ್ಲ. ಅವನು ಇಬ್ಬರನ್ನೂ ನೋಡಿ ಮೀಸೆಯಲ್ಲೇ ನಕ್ಕು, "ಆಯ್ತು ಕಣಜ್ಜಿ. ಹೆಂಗಸರ ಸೀಟಲ್ಲಿ ಒಂದು ಜಾಗ ನಿಮ್ಮಿಬ್ಬರಿಗೆ. ಇಬ್ರೂ ಒಟ್ಟಿಗೆ ಕೂತ್ಕೊಳ್ಳಿ, ನಾನೂ ನೋಡ್ತೀನಿ," ಅಂದ. ಅವನು ಯಾಕೆ ನಕ್ಕ ಎಂಬುದು ಬಸ್ಸಿಗೆಲ್ಲ ಗೊತ್ತಿತ್ತು. ಶಂಕರಮ್ಮ ಕೇರಿಯವಳ ಪಕ್ಕ ಮೈ ತಗುಲಿಸಿ ಕೂರುವುದುಂಟೇ?

ಶಂಕರಮ್ಮ ಕೂರಲಿಲ್ಲ. ಬದಲಿಗೆ ಒಂದು ನ್ಯಾಯ ಹೇಳಿದರು. ಓಬಿ ಬೀರೂರು ತನಕ ಕೂರಲಿ, ಬೀರೂರಿಂದ ಅಜ್ಜಂಪುರಕ್ಕೆ ತಾನು ಕೂರುತ್ತೇನೆ. ಒಂದೇ ಸೀಟು, ಸರದಿ ಮೇಲೆ. ಕೇಳಿದವರೆಲ್ಲ ತಲೆದೂಗಿದರು. ಓಬಮ್ಮನೂ ಒಪ್ಪಿ ಕೂತಳು. ಕೂತು ಸೆರಗಿನಿಂದ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬೀರೂರು ಬಂದೇಬಿಟ್ಟಿತು. ಕಡೂರಿಗೂ ಬೀರೂರಿಗೂ ನಡುವೆ ಇರುವುದಾದರೂ ಎಷ್ಟು ದಾರಿ? ಎಲೆ ಅಡಿಕೆ ಹಾಕಿಕೊಂಡರೆ ಉಗುಳುವ ಮೊದಲೇ ಮುಗಿಯುತ್ತದೆ. ಉದ್ದದ ದಾರಿ, ಗುಂಡಿಯ ದಾರಿ, ಅದರಾಚೆಗಿನದು.

ನಮ್ಮ ಸೀಮೆಯ ಪಾಲುಗಳೆಲ್ಲ ಹೀಗೇ ಆಗಿರುವುದು. ಊರಿಗೆ ಕೆರೆ ಕೆಳಗಿನ ಗದ್ದೆ, ಕೇರಿಗೆ ಕೆರೆ ಹಿಂದಿನ ಕಲ್ಲುಗುಡ್ಡ. ಊರಿಗೆ ಬಾವಿ, ಕೇರಿಗೆ ಬಾವಿಯ ಹತ್ತಿರ ಕಾಯುವ ಸರದಿ. ಅದನ್ನು ಯಾರೂ ಅನ್ಯಾಯ ಅನ್ನುವುದಿಲ್ಲ, ಪಾಲು ಅನ್ನುತ್ತಾರೆ. ಪಾಲು ಮಾಡಿದವನಿಗೆ ಧರ್ಮಾತ್ಮ ಅನ್ನುತ್ತಾರೆ.

ಬೀರೂರಿನಲ್ಲಿ ಶಂಕರಮ್ಮ ಬಂದು ಸೀಟಿನ ಮುಂದೆ ನಿಂತರು. ಓಬಮ್ಮ ಏಳಲಿಲ್ಲ.

"ಏಳೇ ಓಬಿ. ಮಾತು ಮಾತಲ್ವಾ?"

"ಅಮ್ಮಾರೇ, ಗಿಡ್ಡ ದಾರಿ ನಂಗೆ, ಉದ್ದ ದಾರಿ ನಿಮ್ಗೆ. ಈ ಭಾಗ ಮಾಡ್ದೋರು ಯಾರು?" ಓಬಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಏಳಾಕಿಲ್ಲ. ನಿಮ್ಮ ಅರ್ಧ ಇಲ್ಲೇ ಖಾಲಿ ಬಿಟ್ಟಿವ್ನಿ. ಬೇಕಾದ್ರೆ ಕೂತ್ಕಳಿ, ಬ್ಯಾಡಾದ್ರೆ ಅದು ಹಂಗೇ ಬತ್ತದೆ."

ಅವಳು ಸರಿದು ಮಾಡಿದ ಜಾಗ ಒಂದು ಮೊಳವೂ ಇರಲಿಲ್ಲ. ಬಸ್ಸು ಹೊರಟಿತು. ಶಂಕರಮ್ಮ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಶೀಶೆ ಹಿಡಿದು ನಿಂತರು. ರೈಲ್ವೆ ಗೇಟು ದಾಟುವಾಗ ಬಸ್ಸು ಕುಲುಕಿ ಅವರು ಮುಗ್ಗರಿಸಿದರು. ಇನ್ನೊಂದು ತಿರುವಿನಲ್ಲಿ ಶೀಶೆಯ ಎಣ್ಣೆ ಸೀರೆಗೆ ಚೆಲ್ಲಿತು. ಆಮೇಲೆ ಅವರು ಯಾರ ಮುಖವನ್ನೂ ನೋಡದೆ ಕೈಚೀಲವನ್ನು ಆ ಮೊಳ ಜಾಗದ ನಡುವೆ ಗೋಡೆಯಂತೆ ಇಟ್ಟು, ಅಂಚಿನಲ್ಲಿ ಕೂರಲು ನೋಡಿದರು.

"ಚೀಲಕ್ಕೂ ಟಿಕೆಟ್ ತಗಂಡಿದೀರಾ?" ಎಂದು ಓಬಮ್ಮ ಕೇಳಿದಳು.

ಮಗು ಎತ್ತಿಕೊಂಡು ಕಿಟಕಿ ಪಕ್ಕ ಕೂತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಶಂಕರಮ್ಮ ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಕೂತರು. ಗುಂಡಿ ಬಂದಾಗಲೆಲ್ಲ ಇಬ್ಬರ ಭುಜವೂ ತಾಗಿತು. ಮೊದಮೊದಲು ಅವರು ಮೈ ಹಿಡಿಮಾಡಿಕೊಳ್ಳುತ್ತಿದ್ದರು. ಎಷ್ಟು ಗುಂಡಿಗೆ ಅಂತ ಹಿಡಿಮಾಡಿಕೊಳ್ಳುವುದು? ನಡುದಾರಿಯಲ್ಲಿ ಓಬಮ್ಮನ ಊದಿದ ಮೊಣಕಾಲು ನೋಡಿ, ಹರಳೆಣ್ಣೆ ಬಿಸಿ ಮಾಡಿ ಹಚ್ಚುತ್ತೀಯೋ ಇಲ್ಲವೋ ಎಂದು ಕೇಳಿದರು. ಮಾತು ಮೊಣಕಾಲಿನಿಂದ ಸೊಸೆಗೆ ಹೋಯಿತು. ಮನೆಯಲ್ಲಿ ತನ್ನ ಹತ್ತಿರ ಯಾರೂ ಹೀಗೆ ಕೂತು ಮಾತಾಡುವುದಿಲ್ಲ ಎಂದು ಶಂಕರಮ್ಮ ಹೇಳಿದ್ದು ಇಂಜಿನ್ನಿನ ಸದ್ದಿನಲ್ಲಿ ಓಬಮ್ಮನಿಗೆ ಮಾತ್ರ ಕೇಳಿಸಿತು.

ಆದರೆ ಅಜ್ಜಂಪುರದ ಮೊದಲ ಮನೆಗಳು ಕಾಣುತ್ತಲೇ ಶಂಕರಮ್ಮ ಎದ್ದು ನಿಂತರು. ತವರಿನವರು ಸ್ಟ್ಯಾಂಡಿನಲ್ಲಿ ಇರುತ್ತಾರೆ, ಕಂಡರೆ ಏನಂದಾರು? ಓಬಮ್ಮ ಅದನ್ನು ನೋಡಿದಳು. ತಂಗಿಯ ತಲೆಗೆ ಸೀಗೆಪುಡಿ ಹಚ್ಚುತ್ತ ಎಲ್ಲ ಹೇಳಿದಾಗ ಮಾರಮ್ಮ ಸೊಟ್ಟಗಾದ ಬಾಯಲ್ಲೇ ನಕ್ಕಳು.

ಹೀಗೆ ಕೆಲವು ವಾರ ನಡೆಯಿತು. ಬೇರೆ ಮುದುಕರೂ ಜೋಡಿ ಹುಡುಕಿಕೊಂಡರು. ಕುರುಬರ ದೊಡ್ಡಬೀರಪ್ಪ ಹತ್ತಿದರೆ, ನನ್ನ ಅರ್ಧ ಎಲ್ಲಿ ಎಂದು ಕೂಗಿಯೇ ಸೀಟಿಗೆ ಬರುತ್ತಿದ್ದ. ಈರಣ್ಣ ತಾನೇ ಜೋಡಿ ಕೂಡಿಸತೊಡಗಿದ. ಜಾತಿ ಕೇಳುತ್ತ ಕೂತರೆ ಬಸ್ಸು ಹೊರಡುವುದಿಲ್ಲ ಎಂದು ಅವನಿಗೂ ಗೊತ್ತಾಗಿತ್ತು.

ಒಂದು ಸೋಮವಾರ ಬೀರೂರಿನಲ್ಲಿ ಷಣ್ಮುಖಪ್ಪ ಹತ್ತಿದ. ಶಂಕರಮ್ಮನವರ ಅಣ್ಣನ ಮಗ, ಅಜ್ಜಂಪುರದಲ್ಲಿ ಗೊಬ್ಬರದ ಅಂಗಡಿ. ಅತ್ತೆ ಕೂತದ್ದನ್ನು ನೋಡಿದ, ಅತ್ತೆಯ ಭುಜಕ್ಕೆ ಭುಜ ತಾಗಿಸಿ ಕೂತವಳನ್ನು ನೋಡಿದ. ಅವನೇನೂ ಕೂಗಾಡಲಿಲ್ಲ. ಓದಿದವನು, ಸಭೆಗಳಲ್ಲಿ ಸಮಾನತೆ ಎಂದು ಭಾಷಣ ಮಾಡಿದವನು. ಜೇಬಿನಿಂದ ದುಡ್ಡು ತೆಗೆದು, ಅತ್ತೆಯ ಅರ್ಧ ಟಿಕೆಟ್ಟನ್ನು ಪೂರ್ತಿ ಮಾಡುವಂತೆ ಕಂಡಕ್ಟರಿಗೆ ಹೇಳಿದ. ಇನ್ನು ಮೇಲೆ ಪ್ರತಿ ಸೋಮವಾರದ್ದೂ ನನ್ನ ಲೆಕ್ಕಕ್ಕೆ ಅಂದ.

ಈರಣ್ಣ ಟಿಕೆಟ್ಟಿನ ಕಟ್ಟು ಹಿಡಿದು ತಡವರಿಸಿದ. "ಅಮ್ಮಾರಿಗೆ ಪೂರ್ತಿ ಆದ್ರೆ ಇಡೀ ಜಾಗ ಅವರದೇ. ಈ ಅಜ್ಜಿ ಏಳ್ಬೇಕಾಗುತ್ತೆ."

"ಏಳ್ಲಿ," ಅಂದ ಷಣ್ಮುಖಪ್ಪ.

ಓಬಮ್ಮನ ಕೈ ತಾನಾಗಿ ಮೊಣಕಾಲಿನ ಮೇಲೆ ಹೋಯಿತು. ಕಂಡಕ್ಟರನ ಜೊತೆ ಜಗಳ ಆಡಬಹುದು, ದುಡ್ಡಿನ ಜೊತೆ ಹೇಗೆ ಆಡುವುದು? ಇವತ್ತು ಎದ್ದರೆ ಮುಂದಿನ ವಾರವೂ ಏಳಬೇಕು. ಮತ್ತೆ ತಿಂಗಳಿಗೊಮ್ಮೆ, ಮತ್ತೆ ತಂಗಿಯ ಬೆನ್ನಿನ ಹುಣ್ಣು. ಅವಳು ಶಂಕರಮ್ಮನವರ ಕಡೆ ನೋಡಲಿಲ್ಲ. ಬೇಡಿದಂತೆ ಆಗುತ್ತದೆ ಎಂದು ಎದುರಿನ ಗಾಜನ್ನೇ ನೋಡುತ್ತ ಕೂತಳು.

ಶಂಕರಮ್ಮ ಆ ದುಡ್ಡನ್ನು ನೋಡಿದರು. ತವರಿನ ಮರ್ಯಾದೆ ನಾಲ್ಕು ಮಡಿಕೆಯ ನೋಟಾಗಿ ಅವರ ಮೂಗಿನ ಮುಂದೆ ನಿಂತಿತ್ತು.

"ಷಣ್ಮುಖ," ಅಂದರು ಕೊನೆಗೆ. "ಎಣ್ಣೆ ಚೆಲ್ಕೊಂಡು, ಕಂಬಿ ಹಿಡ್ಕೊಂಡು ನಿಂತ್ಕೊಂಡು ಬಂದೆನಲ್ಲೋ. ಸ್ಟ್ಯಾಂಡಲ್ಲಿ ಇಳಿವಾಗ ನೋಡ್ದೆ ನೀನು. ಕಾಲು ಯಾಕೆ ಕುಂಟ್ತೀಯ ಅತ್ತೆ ಅಂತ ಒಂದಿನ ಕೇಳ್ದೆಯಾ? ಆವಾಗ ಈ ದುಡ್ಡು ಎಲ್ಲಿತ್ತು?"

"ಅದಲ್ಲ ಅತ್ತೆ, ನೋಡ್ದೋರು..."

"ನೋಡ್ಲಿ ಬಿಡು. ನಾನು ನಿಂತಾಗ್ಲೂ ನೋಡಿದಾರೆ." ಅವರು ಸೆರಗು ಸರಿಮಾಡಿಕೊಂಡು ಇನ್ನಷ್ಟು ಒಳಗೆ ಸರಿದು ಗಟ್ಟಿಯಾಗಿ ಕೂತರು. "ಈರಣ್ಣ, ನನಗೆ ಅರ್ಧವೇ ಸಾಕಪ್ಪ. ಇನ್ನರ್ಧದವಳು ಇಲ್ಲಿದಾಳೆ."

ಈರಣ್ಣ ಷಣ್ಮುಖಪ್ಪನಿಗೆ ಮಾತ್ರ ಒಂದು ಪೂರ್ತಿ ಟಿಕೆಟ್ ಹರಿದು ಕೊಟ್ಟ. ಬಸ್ಸು ತುಂಬಿತ್ತು, ಪೂರ್ತಿ ಟಿಕೆಟ್ಟಿನ ಷಣ್ಮುಖಪ್ಪ ಅಜ್ಜಂಪುರದ ತನಕ ಕಂಬಿ ಹಿಡಿದು ನಿಂತೇ ಬಂದ. ದೊಡ್ಡಬೀರಪ್ಪ ಹಿಂದಿನಿಂದ, ನೆಲದ ಮೇಲೆ ಜಾಗ ಐತೆ ಗೌಡ್ರೇ, ಬೆಚ್ಚಗೈತೆ ಅಂದ.

ಅಜ್ಜಂಪುರದ ಮೊದಲ ಮನೆಗಳು ಬಂದವು. ಶಂಕರಮ್ಮ ಏಳಲಿಲ್ಲ. ಬಸ್ಸು ಸ್ಟ್ಯಾಂಡಿನಲ್ಲಿ ನಿಂತ ಮೇಲೆ, ಹೋಟೆಲಿನ ಮುಂದಿನ ಜನರೆಲ್ಲ ನೋಡುತ್ತಿರುವಂತೆಯೇ, ಇಬ್ಬರೂ ಒಬ್ಬರ ಹಿಂದೊಬ್ಬರು ಇಳಿದರು. ಗುಡಿಯ ದಾರಿಗೆ ತಿರುಗುವಾಗ ಶಂಕರಮ್ಮ, ಮುಂದಿನ ವಾರ ಬೇಗ ಬಂದು ಸೀಟು ಹಿಡಿ ಓಬಮ್ಮ ಎಂದು ಹೇಳಿ ಹೋದರು. ಓಬಿ ಅನ್ನಲಿಲ್ಲ ಎಂಬುದು ಅವರಿಗೇ ಗೊತ್ತಾಯಿತೋ ಇಲ್ಲವೋ.

ತಂಗಿಯ ಮನೆಯಲ್ಲಿ ಸೊಸೆ ಹಂಡೆಗೆ ಉರಿ ಹಾಕಿದ್ದಳು. ಓಬಮ್ಮ ನೆರಿಗೆ ಎತ್ತಿ ಕಟ್ಟಿ, ನೀರಿನ ಬಿಸಿ ಕೈಯಲ್ಲಿ ನೋಡಿ, ಮಾರಮ್ಮನ ಬೆನ್ನಿಗೆ ಚೊಂಬಿನಿಂದ ಸುರಿದಳು. ಬೆನ್ನಿನಲ್ಲಿ ಹಳೆಯ ಕಲೆ ಬಿಟ್ಟರೆ ಹುಣ್ಣಿರಲಿಲ್ಲ. ಮುಂದಿನ ಸೋಮವಾರ ಬರುತ್ತೀಯಾ ಎಂದು ಮಾರಮ್ಮ ಕೇಳಿದಳು. ಪ್ರತಿ ವಾರವೂ ಕೇಳುತ್ತಿದ್ದಳು, ಓಬಮ್ಮ ಪ್ರತಿ ವಾರವೂ ನೋಡಾನ ಎನ್ನುತ್ತಿದ್ದಳು.

"ಬತ್ತೀನಿ ಕಣೇ," ಅಂದಳು ಓಬಮ್ಮ. "ಕಣ್ ಮುಚ್ಕೋ, ಸೀಗೆಪುಡಿ ಹೋದಾತು."