ಐವತ್ತೆರಡು ಕಿಲೋ

ಆ ವಾರಕ್ಕೆ ಅದು ಮೂರನೆಯ ಆರೋಗ್ಯ ಶಿಬಿರ. ಮೂವತ್ತೆರಡು ವರ್ಷ ನರ್ಸಾಗಿ ದುಡಿದು ಎಲ್ಲರ ಬಾಯಲ್ಲೂ ದೊಡ್ಡಸಿಸ್ಟರ್ ಆಗಿದ್ದವಳಿಗೆ ಈಗ ಮಂಡಿಯದೇ ದೊಡ್ಡ ರಗಳೆ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಶಾಲೆಯ ಹಾಲಿನ ಬಾಗಿಲಿಗೆ ‘ಎಲ್ಲರೂ ಬನ್ನಿ, ನಿಮ್ಮ ತೂಕ ತಿಳಿಯಿರಿ’ ಎಂಬ ಬ್ಯಾನರು ಕಟ್ಟಿದ್ದರು. ಆ ಬಾಗಿಲಿಗೆ ಐದು ಮೆಟ್ಟಿಲು. ಬ್ಯಾನರು ಬರೆಸಿದ ಪುಣ್ಯಾತ್ಮರ ಕಣ್ಣಿಗೆ ಅವು ಬಿದ್ದಿರಲಿಲ್ಲ. ಅವರ ಕಾಲುಗಳು ಗಟ್ಟಿಯಾಗಿದ್ದವಲ್ಲ!

ಗಾಲಿಕುರ್ಚಿಯ ಟೈಲರಮ್ಮ ಎಂದಿನಂತೆ ಮೆಟ್ಟಿಲ ಕೆಳಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಅವಳ ತಮ್ಮ. ದೊಡ್ಡಸಿಸ್ಟರ್ ಎಂದಿನಂತೆ ರಿಜಿಸ್ಟರು ಬಗಲಲ್ಲಿಟ್ಟುಕೊಂಡು, ಒಂದೊಂದೇ ಮೆಟ್ಟಿಲಿಗೂ ಉಸ್ಸಪ್ಪಾ ಎನ್ನುತ್ತ ಇಳಿದು ಬಂದಳು. ಬಿ.ಪಿ. ನೋಡಿದಳು, ಬೆರಳು ಚುಚ್ಚಿ ಸಕ್ಕರೆ ನೋಡಿದಳು. ತೂಕದ ಕಾಲಮ್ಮಿಗೆ ಬಂದಾಗ ಹೋದ ವರ್ಷದ ಪುಟ ತಿರುವಿದಳು.

ಅಲ್ಲಿ ಐವತ್ತೆರಡು ಇತ್ತು. ಅದರ ಹಿಂದಿನ ವರ್ಷವೂ ಐವತ್ತೆರಡು. ತೂಕದ ಯಂತ್ರದ ಮೇಲೆ ನಿಲ್ಲಲಾಗದವರನ್ನು ತೂಗುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲಮ್ಮು ಖಾಲಿ ಬಿಟ್ಟರೆ ಮೇಲಿನ ಆಫೀಸಿನವರು ರಿಜಿಸ್ಟರನ್ನೇ ವಾಪಸ್ ಅಟ್ಟುತ್ತಿದ್ದರು. ಆರು ವರ್ಷದ ಹಿಂದೆ ದೊಡ್ಡಸಿಸ್ಟರ್ ಕಣ್ಣಳತೆಯಲ್ಲೇ ಐವತ್ತೆರಡು ಎಂದು ಬರೆದಿದ್ದಳು. ಆಮೇಲೆ ಪ್ರತಿ ವರ್ಷ ಅದನ್ನೇ ರಿಜಿಸ್ಟರಿಗೂ ಟೈಲರಮ್ಮನ ಆರೋಗ್ಯ ಕಾರ್ಡಿಗೂ ಇಳಿಸಿಕೊಂಡು ಬಂದಿದ್ದಳು.

“ಈ ಸಲ ಅಂದಾಜು ಬೇಡ ಸಿಸ್ಟರ್. ಊಟ ಸೇರ್ತಿಲ್ಲ, ಹೊಲಿಗೆ ಮಷೀನ್ ಮುಂದೆ ಅರ್ಧ ಗಂಟೆ ಕೂತ್ರೆ ಸುಸ್ತು. ನಿಜವಾದ ತೂಕ ಬರೀರಿ,” ಎಂದಳು ಟೈಲರಮ್ಮ.

ದೊಡ್ಡಸಿಸ್ಟರಿಗೆ ಮೊದಲು ಬಂದದ್ದು ಸಿಟ್ಟು. ಒಳಗೆ ಇನ್ನೂ ಎಪ್ಪತ್ತು ಜನ ಕೂತಿದ್ದರು. “ಹೇಗೆ ಬರೀಲಿ ತಾಯಿ? ನಿಮ್ಮನ್ನ ಎತ್ಕೊಂಡು ನಿಲ್ಲೋ ಶಕ್ತಿ ನನಗೆಲ್ಲಿದೆ?”

ತಮ್ಮ ತಲೆ ಕೆರೆದುಕೊಂಡ. “ನಮ್ಮ ಪಾರ್ಸೆಲ್ ಆಫೀಸಲ್ಲಿ ಮೂಟೆ ತೂಗೋ ಯಂತ್ರ ಇದೆ ಸಿಸ್ಟರ್. ನೆಲಮಟ್ಟಕ್ಕೇ ಇದೆ. ಕುರ್ಚಿ ಸಮೇತ ತಳ್ಳಿಬಿಡಬಹುದು.”

ಪಾರ್ಸೆಲ್ ಆಫೀಸು ಇದ್ದದ್ದು ಎದುರು ಬೀದಿಯಲ್ಲಿ. ಆರು ವರ್ಷದಿಂದಲೂ ಅಲ್ಲೇ ಇತ್ತು.

ಕುರ್ಚಿ ಸಮೇತ ಐವತ್ತೆಂಟು ಬಂತು. ಆಮೇಲೆ ತಮ್ಮ ಅಕ್ಕನನ್ನು ಎತ್ತಿ ಬಟ್ಟೆಯ ಮೂಟೆಯ ಮೇಲೆ ಕೂರಿಸಿದ. “ವಿಳಾಸ ಸರಿಯಾಗಿ ಬರೀರಪ್ಪ, ಎಲ್ಲಾದ್ರೂ ಕಳಿಸಿಬಿಟ್ಟೀರಿ,” ಎಂದು ಅವಳು ನಕ್ಕಳು. ಖಾಲಿ ಕುರ್ಚಿ ಹತ್ತೊಂಬತ್ತು.

ದೊಡ್ಡಸಿಸ್ಟರ್ ಅಂಗೈ ಮೇಲೆ ಪೆನ್ನಿನಲ್ಲಿ ಕಳೆದು ನೋಡಿದಳು. ಮೂವತ್ತೊಂಬತ್ತು. ಇನ್ನೊಮ್ಮೆ ಕಳೆದಳು.

ಅಲ್ಲಿಂದಲೇ ಆಸ್ಪತ್ರೆಗೆ ಫೋನು ಹಚ್ಚಿದಳು. ನಾಳೆ ಬೆಳಿಗ್ಗೆಯೇ ಕರೆತನ್ನಿ ಎಂದರು ಡಾಕ್ಟರು. ಆಮೇಲೆ ಕೇಳಿದರು, “ತೂಕ ಯಾವಾಗಿಂದ ಇಳೀತಿದೆ? ನಿಮ್ಮ ರಿಜಿಸ್ಟರಲ್ಲಿ ಇರುತ್ತಲ್ಲ, ನೋಡಿ ಹೇಳಿ.”

ರಿಜಿಸ್ಟರಿನ ಪುಟಪುಟದಲ್ಲೂ ಐವತ್ತೆರಡೇ ಇತ್ತು. ಉತ್ತರ ಕೊಟ್ಟವಳು ಫೋನಿನ ಮಾತು ಕೇಳಿಸಿಕೊಳ್ಳುತ್ತ ಮೂಟೆಯ ಮೇಲೆ ಕೂತಿದ್ದ ಟೈಲರಮ್ಮ. ಚೀಲದಿಂದ ಗಿರಾಕಿಗಳ ಅಳತೆ ಪುಸ್ತಕ ತೆಗೆದು, ಕೊನೆಯ ಪುಟ ಬಿಡಿಸಿ ಹಿಡಿದಳು. ಅದರಲ್ಲಿ ಅವಳದೇ ಅಂಗಿಯ ಎದೆಯಳತೆ, ಇಂಚಿನ ಲೆಕ್ಕದಲ್ಲಿ, ವರ್ಷ ವರ್ಷವೂ, ಪೆನ್ಸಿಲಿನಲ್ಲಿ. ಮೂವತ್ತಾರು, ಮೂವತ್ತಾರು, ಮೂವತ್ತಾರು, ಮೂವತ್ತಾರು. ಹೋದ ವರ್ಷ ಮೂವತ್ತಮೂರು. ಈಗ ಮೂವತ್ತು.

“ಎರಡು ವರ್ಷ ಆಗಿರಬಹುದು ಡಾಕ್ಟ್ರೇ,” ಎಂದು ಹೇಳಿ ಫೋನಿಟ್ಟಳು ದೊಡ್ಡಸಿಸ್ಟರ್. ನಾಚಿಕೆಯಿಂದ ಅವಳಿಗೆ ಮುಖ ಎತ್ತಲಾಗಲಿಲ್ಲ. “ಹೋದ ವರ್ಷವೇ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದೆ. ಅಂಗಿ ದೊಗಳೆ ಆಗ್ತಿದೆ ಅಂದೆ. ‘ಸಣ್ಣ ಆಗೋ ಗುಟ್ಟು ನನಗೂ ಹೇಳಿಕೊಡಿ’ ಅಂತ ನಕ್ಕಿದ್ರಿ.”

ಆ ನಗು ದೊಡ್ಡಸಿಸ್ಟರಿಗೆ ನೆನಪಿತ್ತು. ಅವಳು ರಿಜಿಸ್ಟರು ತೆಗೆದು, ಐವತ್ತೆರಡು ಇದ್ದ ಕಡೆಯಲ್ಲೆಲ್ಲ ಗೀಟು ಹೊಡೆದು ‘ತೂಗಿಲ್ಲ’ ಎಂದು ಬರೆದಳು. ಪ್ರತಿಯೊಂದರ ಪಕ್ಕದಲ್ಲೂ ತನ್ನ ಸಹಿ ಹಾಕಿದಳು. ಮೇಲಿನ ಆಫೀಸಿನವರು ಏನು ಬೇಕಾದರೂ ಅನ್ನಲಿ ಎನಿಸಿತು. ಅದನ್ನು ಯೋಚಿಸುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಟೈಲರಮ್ಮ ಕತ್ತಿನಲ್ಲಿ ನೇತಾಡುತ್ತಿದ್ದ ಟೇಪನ್ನು ಬೆರಳಿಗೆ ಸುತ್ತುತ್ತ ಅದನ್ನೇ ನೋಡುತ್ತಿದ್ದಳು. ಟೇಪು ಹೊಚ್ಚ ಹೊಸದು.

“ನಿಮ್ಮ ಕಾರ್ಡಲ್ಲಿ ಐವತ್ತೆರಡು ಅಂತಲೇ ಇತ್ತಲ್ಲ ಸಿಸ್ಟರ್,” ಎಂದಳು. “ಆಸ್ಪತ್ರೆಯವ್ರು ಬರೆದಿದ್ದು ತಪ್ಪಿರುತ್ತಾ? ನನ್ನ ಟೇಪೇ ಹಳೇದಾಗಿ ಹಿಗ್ಗಿದೆ ಅಂದ್ಕೊಂಡು, ಬಿಸಾಕಿ ಹೊಸದು ತಂದೆ.”