ಸೇತುವೆ ದಾಟಿದ ಚಿಂದಿ ಮೂಟೆ

ಬೆಳಗಾದರೆ ಹೊಸ ಅಂಗಡಿ ಶುರು. ಬಾಗಿಲ ಮುಂದೆ ನೋಡಿದರೆ ಕಸದ ಮೂಟೆ! ಟೈಲರಕ್ಕನಿಗೆ ತಲೆ ಕೆಟ್ಟುಹೋಯಿತು. ಮೊದಲ ದಿನವೇ ಕಸ ದಾಟಿಕೊಂಡು ಯಾವ ಗಿರಾಕಿ ಒಳಗೆ ಬಂದಾರು?

ಹೊಳೆಯಾಚೆಯ ಊರು ಬಿಟ್ಟು ಈಚೆಯ ಊರಿಗೆ ಅವಳ ಸಂಸಾರ ಬಂದು ಇನ್ನೂ ವಾರವಾಗಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದೆ ಅಡುಗೆಮನೆ. ಕಸದ ಗಾಡಿಯವರು ಹಸಿ ಕಸವನ್ನಷ್ಟೇ ಒಯ್ದು, ಮೂಟೆಗೆ ‘ಬೇರ್ಪಡಿಸಿ ಕೊಡಿ’ ಎಂಬ ಕೆಂಪು ಚೀಟಿ ಅಂಟಿಸಿ ಹೋಗಿದ್ದರು.

"ಬೇರೆ ಮಾಡೇ ಕೊಟ್ಟಿದ್ದೀನಲ್ಲ! ಹಸೀದು ಬುಟ್ಟಿಗೆ, ಒಣಗಿದ್ದೆಲ್ಲ ಮೂಟೆಗೆ. ಆಚೆ ಊರಲ್ಲಿ ಯಾರಾದ್ರೂ ತುಟಿಪಿಟಕ್ ಅಂದಿದ್ರಾ?"

"ಊರು ಬದಲಾಯ್ತು ಕಣೇ. ಪಕ್ಕದ ಮನೇಲಿ ಒಂದ್ಮಾತು ಕೇಳು," ಎಂದ ಗಂಡ.

"ಕಸ ಹಾಕೋಕೂ ಪಾಠ ಹೇಳಿಸ್ಕೋಬೇಕಾ? ನೀವು ಇದನ್ನ ಸ್ಕೂಟರ್ ಮೇಲೆ ಹಾಕ್ಕೊಂಡು ಹೋಗಿ, ತಂಗಿ ಮನೆ ಮುಂದೆ ಇಟ್ಟು ಬನ್ನಿ. ಅಲ್ಲಿ ಗಾಡಿಯವರು ಒಯ್ತಾರೆ."

ಪಾಪ, ಗಂಡ ಸೇತುವೆ ದಾಟಿ ಹೋದ. ಸ್ವಲ್ಪ ಹೊತ್ತಿಗೆ ಸ್ಕೂಟರ್ ವಾಪಸ್ ಬಂತು. ಹಿಂದೆ ತಂಗಿ ಕೂತಿದ್ದಾಳೆ, ಅವಳ ತೊಡೆಯ ಮೇಲೆ ಅದೇ ಮೂಟೆ!

"ಏನಕ್ಕಾ ಇದು? ಭಾವ ಬಾಯಿ ಬಿಡೋಕೆ ಮುಂಚೇನೇ, ಹೊಸ ಅಂಗಡಿಯಿಂದ ಹೊಸ ಬಟ್ಟೆ ಬಂತು ಅಂತ ಬೀದಿಗೆಲ್ಲ ಹೇಳ್ಕೊಂಡು ಗಂಟು ಬಿಚ್ಚಿದೆ. ಒಳಗೆ ನೋಡಿದ್ರೆ ಚಿಂದಿ, ಸೀಸೆ, ರಟ್ಟು! ಎಲ್ಲರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು."

ಗಲಾಟೆ ಕೇಳಿ ಪಕ್ಕದ ಮನೆಯ ನರ್ಸಮ್ಮ ಹೊರಗೆ ಬಂದರು. ಕೆಂಪು ಚೀಟಿ ನೋಡಿ ಅವರಿಗೂ ನಗು.

"ತಪ್ಪು ಯಾವ ಊರಿಂದೂ ಅಲ್ಲಮ್ಮ. ಆಚೆ ಊರಲ್ಲಿ ದೊಡ್ಡ ಶೆಡ್ ಇದೆ, ಒಣ ಕಸ ಒಟ್ಟಿಗೆ ಕೊಟ್ರೂ ಅಲ್ಲಿ ಕೂತು ಆರಿಸ್ತಾರೆ. ನಮ್ಮಲ್ಲಿ ಶೆಡ್ ಇಲ್ಲ. ಗಾಡಿಯಿಂದ ಕಾಗದ, ಗಾಜು, ಪ್ಲಾಸ್ಟಿಕ್ ನೇರವಾಗಿ ಬೇರೆ ಬೇರೆ ಕಾರ್ಖಾನೆಗೆ ಹೋಗುತ್ತೆ. ಅದಕ್ಕೇ ಮನೇಲೇ ಬೇರೆ ಮಾಡ್ಬೇಕು. ಬಟ್ಟೆ ಚೂರು ಗಾಡಿಗೆ ಕೊಡೋ ಹಾಗೇ ಇಲ್ಲ. ದಿಂಬು ತುಂಬೋರು ಬಂದು ತಗೊಂಡು ಹೋಗ್ತಾರೆ."

"ಒಂದೇ ಹೊಳೆ ನೀರು ಕುಡಿಯೋ ಊರುಗಳಿಗೆ ಎರಡೆರಡು ರೂಲಾ? ನಂಗಂತೂ ಸರಿ ಕಾಣಲ್ಲ."

ತಂಗಿ ಸುಮ್ಮನಿದ್ದಾಳೆಯೇ? "ಅಕ್ಕಾ, ನನ್ನ ಅಳತೆ ಹಿಡ್ಕೊಂಡು ಭಾವನಿಗೆ ಅಂಗಿ ಹೊಲೀತೀಯಾ?"

ಭಾವ ತನ್ನ ಹೊಟ್ಟೆಯನ್ನು ಇನ್ನಷ್ಟು ಉಬ್ಬಿಸಿ ನಿಂತ. ಟೈಲರಕ್ಕ ತುಟಿ ಬಿಗಿಹಿಡಿದಳು, ಆಗಲಿಲ್ಲ, ಪಕ್ಕನೆ ನಕ್ಕಳು. "ಹೊಲಿದ್ರೆ ಗುಂಡಿ ಹಾರಿ ಹೊಳೆಗೆ ಬೀಳುತ್ತೆ! ಆಯ್ತು, ಸೋತೆ ಮಾರಾಯ್ತಿ. ಬಿಚ್ಚಿ ಮೂಟೆ."

ಎಲ್ಲರೂ ಅಂಗಳದಲ್ಲಿ ಕೂತು ಆರಿಸಿದರು. ಮೂಟೆಯ ತಳದಲ್ಲಿ ಮುರಿದ ಸೂಜಿಗಳು ಸಿಕ್ಕವು.

"ಇವನ್ನ ಹೀಗೆ ಬಿಡಿಯಾಗಿ ಹಾಕ್ಬೇಡಿ," ಎಂದರು ನರ್ಸಮ್ಮ. "ಗಾಡಿಯವರ ಕೈಗೆ ಚುಚ್ಚುತ್ತೆ. ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ‘ಸೂಜಿ’ ಅಂತ ಬರೆದು ಕೈಗೇ ಕೊಡಿ."

ಟೈಲರಕ್ಕನ ನಗು ನಿಂತಿತು. ಸೂಜಿ ಚುಚ್ಚಿದರೆ ಏನಾಗುತ್ತದೆಂದು ಅವಳ ಬೆರಳಿಗೆ ಗೊತ್ತು. ಎದ್ದು ಹೋಗಿ ಡಬ್ಬಿ ತಂದಳು.

ಸಂಜೆಯೇ ದಿಂಬಿನವರು ಬಂದು ಚಿಂದಿ ಒಯ್ದರು. ಬೆಳಗ್ಗೆ ಗಾಡಿಯಾಕೆ ಬಂದು ಚೀಲಗಳನ್ನೂ ಡಬ್ಬಿಯನ್ನೂ ತೆಗೆದುಕೊಂಡಳು. ಒಂದೂ ಕೆಂಪು ಚೀಟಿ ಇಲ್ಲ. ಹೊರಟವಳು ನಿಂತು, "ಅಂಗಡಿ ತೆರೆದಿದೆಯೇನಕ್ಕಾ? ಗಾಡಿ ಕೆಲಸಕ್ಕೆ ಒಂದು ಹೊಸ ಕೋಟು ಬೇಕಿತ್ತು," ಎಂದಳು.

ಮೊದಲ ಗಿರಾಕಿ! ಟೈಲರಕ್ಕನ ಮುಖ ಮೊರದಗಲ ಆಯಿತು. ಟೇಪು ಬಿಚ್ಚುತ್ತಾ ಹೇಳಿದಳು: "ಬಾರಮ್ಮ, ಮೊದಲು ಅಳತೆ ಕೊಡು. ಅಂದಾಜಿನ ಮೇಲೆ ಹೊಲಿಯೋದು ಬಿಟ್ಟಿದ್ದೀನಿ."

ಓದುವ ಅಕ್ಕ, ಅಣ್ಣಂದಿರೇ, ನೀವೂ ಮನೆ ಬದಲಾಯಿಸಿದ್ದೀರಾ? ಹಾಲು ಎಲ್ಲಿ ಸಿಗುತ್ತದೆ ಎಂದು ಕೇಳುವ ದಿನವೇ ಇಲ್ಲಿ ಕಸ ಹೇಗೆ ಕೊಡಬೇಕು ಎಂದೂ ಕೇಳಿಬಿಡಿ. ಚೂಪಾದದ್ದನ್ನು ಡಬ್ಬಿಯಲ್ಲಿಟ್ಟು ಹೇಳಿ ಕೊಡಿ. ಅದನ್ನು ಎತ್ತುವ ಕೈಯೂ ನಮ್ಮ ನಿಮ್ಮಂಥವರದೇ.